ಮೂಕಚಿತ್ರಕ್ಕೊಬ್ಬ ವ್ಯಾಖ್ಯಾನಕಾರ

ಬಾಲ್ಯದಲ್ಲಿ ಕಂಡು ನಕ್ಕ ವ್ಯಂಗ್ಯಚಿತ್ರವನ್ನು ನಡುವಯಸ್ಸಿನಲ್ಲಿ ಮತ್ತೆ ಕಂಡು ನಗುವವರ ವಿಷಯದಲ್ಲಿ ನನಗೆ ಯಾವ ಆಕ್ಷೇಪಣೆಯೂ ಇಲ್ಲ. ಆದರೆ ತಾವು ನಗುವ ಕ್ಷಣದಲ್ಲಿಯೇ ಪಕ್ಕದವನೂ ನಗತಕ್ಕದ್ದೆಂದೂ, ನಗದೆ ಹೋದಲ್ಲಿ ಆತನಿಗೆ ಅರ್ಥವಾಗಲಿಲ್ಲವೆಂದು ಬಗೆದು ಸವಿಸ್ತಾರವಾಗಿ ಅರುಹುವುದು ತಮ್ಮ ಧರ್ಮವೆಂದೂ ನಂಬಿದ ಪಂಗಡವೊಂದು ಈಚೆಗೆ ಮನೆಮನೆಯಲ್ಲೂ ತಲೆಯೆತ್ತಿದೆ. ಈ ಪಂಗಡದ ಪೀಠಾಧಿಪತಿ, ಯಾದಗಿರಿಯಲ್ಲಿ ಅಡತಿ ಅಂಗಡಿ ನಡೆಸುವ ನನ್ನ ದೊಡ್ಡಪ್ಪನ ಮಗ.

ಅಣ್ಣ ನನಗಿಂತ ಮೂರು ವರ್ಷ ಹಿರಿಯ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತಲುಪಿಸಿದ 1975ರ ಸೈಟ್ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ದುಕೊಂಡ ಮೂರು ಜಿಲ್ಲೆಗಳಲ್ಲಿ ಅಂದಿನ ನಮ್ಮ ಗುಲ್ಬರ್ಗವೂ ಒಂದಾದ ಕಾರಣ, ಆ ಪೆಟ್ಟಿಗೆಯಿರುವುದು ಬೀಜ ಗೊಬ್ಬರಗಳ ಉಪದೇಶಕ್ಕೆಂದೇ ತಿಳಿದಿದ್ದ ನಮ್ಮ ತಾತ, 1995ರಲ್ಲಿ ಭಾರತಕ್ಕೆ ಬಂದ ಕಾರ್ಟೂನ್ ನೆಟ್‌ವರ್ಕ್ ಕೇಬಲ್ ತಂತಿ ಹಿಡಿದು ಸುರಪುರದ ನಮ್ಮ ಓಣಿಯನ್ನು ಹೊಕ್ಕಾಗ, ಬೆಕ್ಕಿಗೆ ಇಲಿಯೊಂದು ಬಡಿಗೆಯಿಂದ ಬಾರಿಸುವುದನ್ನು ಕಂಡು ಬಹಳ ಹೊತ್ತು ಮಾತನಾಡಲಿಲ್ಲ. ಇಂಗ್ಲಿಷು ಬಾರದ, ಹಿಂದಿಯೂ ಅಷ್ಟಕ್ಕಷ್ಟೇ ಆದ ನಮಗೆ ಟಾಮ್ ಮತ್ತು ಜೆರಿ ಬಂಧುಗಳಂತೆ ಒಗ್ಗಿದುದು ಅವರು ಮಾತನಾಡದ ಪುಣ್ಯದಿಂದಲೇ. ಹ್ಯಾನಾ ಮತ್ತು ಬಾರ್ಬೆರಾ ಎಂಬ ಮಹಾನುಭಾವರು 1940ರಲ್ಲಿ ಈ ಜೋಡಿಯನ್ನು ಸೃಷ್ಟಿಸಿ, ಮಾತಿನ ಕೆಲಸವನ್ನೆಲ್ಲ ವಾದ್ಯಗಳಿಗೆ ಒಪ್ಪಿಸಿ, ಏಳು ಆಸ್ಕರುಗಳನ್ನು ಗಳಿಸಿಕೊಟ್ಟರು. ಅಂಥ ಮೌನದ ಮೇಲೆ ನಮ್ಮ ಅಣ್ಣ ಇಂದು ಎಡೆಬಿಡದೆ ಮಾತನಾಡುತ್ತಾನೆ.

"ಈಗ ನೋಡ್ರಿ, ಈಗ ಇಲಿ ಬರ್ತದ" ಎನ್ನುತ್ತಾನೆ, ಇಲಿ ಬರುತ್ತದೆ. "ಬಂತು ನೋಡ್ರಿ" ಎನ್ನುತ್ತಾನೆ. ಹಗಲೆಲ್ಲ ತನ್ನ ಗೋದಾಮಿನಲ್ಲಿ ತೊಗರಿಚೀಲಗಳನ್ನು ಕಡಿದು ತೂತುಮಾಡುವ ಇಲಿಗಳಿಗೆ ಹಿಡಿಶಾಪ ಹಾಕಿ, ಡಜನುಗಟ್ಟಲೆ ಇಲಿಬೋನುಗಳನ್ನು ಕೊಳ್ಳುವ ಈ ವರ್ತಕ, ಸಂಜೆ ಏಳಾಯಿತೆಂದರೆ ಇಲಿಯ ಪಕ್ಷ ವಹಿಸಿ ಚಪ್ಪಾಳೆ ತಟ್ಟುವುದನ್ನು ನೋಡಿದಾಗ, ಮನುಷ್ಯನ ಅಂತಃಕರಣಕ್ಕೂ ಆತನ ಖಾತೆ ಪುಸ್ತಕಕ್ಕೂ ಯಾವ ಸಂಬಂಧವೂ ಇಲ್ಲವೆಂದು ನನಗೆ ಸಮಾಧಾನವೇ ಆಗುತ್ತದೆ. ಈಗಿನ ಕಾರ್ಟೂನುಗಳಲ್ಲಿ ಸತ್ವವಿಲ್ಲವೆಂಬ ಅವನ ನಿತ್ಯಭಾಷಣವನ್ನು ಇಲ್ಲಿ ಕೈಬಿಡುತ್ತೇನೆ. ಓದುಗರ ಮನೆಯಲ್ಲಿಯೂ ಅದನ್ನು ಮಾಡುವವರಿದ್ದಾರು.

ಆದರೆ ಆ ಕಿರುಚು! ಟಾಮ್ ಏಟು ತಿಂದಾಗ ಕೇಳುವ ಆರ್ತನಾದ ಸ್ವಯಂ ವಿಲಿಯಂ ಹ್ಯಾನಾರ ಕಂಠದಿಂದ ಬಂದುದೆಂದು ಎಲ್ಲಿಯೋ ಓದಿದಂದಿನಿಂದ, ಅಣ್ಣ ಅದನ್ನು ಸಾಧನೆ ಮಾಡಿ ಕರಗತ ಮಾಡಿಕೊಂಡಿದ್ದಾನೆ. ಶಹಾಪುರದ ನಮ್ಮ ಮನೆಗೆ ಬಂದ ಒಂದು ರಾತ್ರಿ, ಊರೆಲ್ಲ ಉಂಡು ಮಲಗುವ ಹೊತ್ತಿನಲ್ಲಿ, ಬೆಟ್ಟದ ರೂಪದಲ್ಲಿ ಅನಾದಿಯಿಂದ ಮಲಗಿರುವ ಬುದ್ಧನೂ ಎದ್ದು ಕೂಡುವಂತೆ ಅದನ್ನು ಪ್ರಯೋಗಿಸಿದನು. ನಾಗಪಂಚಮಿಯಂದು ಕಂದಕೂರಿನ ಗುಡ್ಡದಲ್ಲಿ ಜನ ಚೇಳುಗಳನ್ನು ಮೈಮೇಲೆ ಬಿಟ್ಟುಕೊಳ್ಳುವ ಜಿಲ್ಲೆ ನಮ್ಮದಾದರೂ, ಉಳಿದ ದಿನಗಳಲ್ಲಿ ಚೇಳೆಂದರೆ ಚೇಳೇ. "ಯಾರಿಗೆ ಕಡೀತೋ ಯಪ್ಪಾ!" ಎನ್ನುತ್ತ ಪಕ್ಕದ ಮನೆಯ ಅಜ್ಜಿ ಉಳ್ಳಾಗಡ್ಡಿ ಹೋಳು ಹಿಡಿದು ಓಡಿಬಂದರು. ಅಣ್ಣ ನಾಚಲಿಲ್ಲ, ಅಜ್ಜಿಯನ್ನೂ ಕೂಡಿಸಿಕೊಂಡು ಮೊದಲಿನಿಂದ ತೋರಿಸಿದನು. ನಗು ಬಂದಾಗಲೆಲ್ಲ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವನು ಮತ್ತೆ ಬಂದನು. 1947ರಲ್ಲಿ ತೆರೆಕಂಡ, ಟಾಮ್ ಗಂಭೀರನಾಗಿ ಪಿಯಾನೋ ಮುಂದೆ ಕುಳಿತು ಲಿಸ್ಟ್‌ನ ಹಂಗೇರಿಯನ್ ರಾಪ್ಸಡಿ ನುಡಿಸುವ ಚಿತ್ರವನ್ನು ಹಚ್ಚಿ ಇನ್ನೂ ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು. ದೇವರು ದೊಡ್ಡವನೆಂದು ನಾನು ಕಣ್ಣು ಮುಚ್ಚಿದೆನು. ಅಷ್ಟರಲ್ಲಿ ಕತ್ತಲಲ್ಲಿ ಬಾಯಿಯಿಂದಲೇ ಪಿಯಾನೋ ಆರಂಭವಾಯಿತು: ಬೆಕ್ಕು ಕುಳಿತಿತು, ಒಳಗೆ ಮಲಗಿದ್ದ ಇಲಿ ಎಚ್ಚರಗೊಂಡಿತು, ಮುಚ್ಚಳ ಬೆರಳುಗಳ ಮೇಲೆ ಬಿತ್ತು. ಮಕ್ಕಳ ನಗು ಗೋಡೆಗೆ ಬಡಿದು ಮರಳುತ್ತಿತ್ತು. ಸುರಪುರದ ಮನೆಯಲ್ಲಿ ಕೇಬಲ್ ಕಡಿದ ರಾತ್ರಿಗಳಲ್ಲಿ, ಒಂದೇ ಕೌದಿಯೊಳಗೆ, ಈತ ನನಗೂ ಹೀಗೆಯೇ ಉಳಿದರ್ಧ ಚಿತ್ರವನ್ನು ಹೇಳಿ ಮಲಗಿಸುತ್ತಿದ್ದನೆಂಬುದು ಆಗ ನೆನಪಾಯಿತು. ಆ ನೆನಪಿನಲ್ಲಿ ತುಸು ದೂರ ಹೋಗಿದ್ದೆನೋ ಏನೋ, ಅವನು ಕೊನೆಯ ಭಾಗಕ್ಕೆ ನೆಗೆದದ್ದನ್ನು ಕೇಳಿ ತಡೆಯದಾದೆನು.

"ಏ ಅಣ್ಣಾ, ಇಲಿಬೋನ ಬಿಟ್ಟಿಯಲ್ಲೋ! ಪಿಯಾನೋದಾಗ ಇಲಿ ಬೋನ ಇಡ್ತದ, ಬೆಕ್ಕಿನ ಬೆರಳ ಸಿಗ್ತಾವ, ಆಮ್ಯಾಲ..." ಎಂದು ಎದ್ದು ಕುಳಿತು, ಕಂಠಬಲವನ್ನೆಲ್ಲ ಕೂಡಿಸಿ ಆ ಕಿರುಚನ್ನು ನಾನೇ ಕಿರುಚಿದೆನು.

ಅಡಿಗೆಮನೆಯ ಕಡೆಯಿಂದ ಹೆಂಡತಿಯ ದನಿ ಬಂತು: "ಒಬ್ರಿದ್ರು, ಈಗ ಇಬ್ರಾದ್ರಿ." ಆಚೆಮನೆಯ ಕದ ತೆರೆದ ಸದ್ದಾಯಿತು.