ರಿಫಂಡು ದಾನ ಕೊಡುತ್ತೇವೆ, ತಾವು ಇ-ವೆರಿಫೈ ಮಾಡಿ

ಕೇಂದ್ರ ಹಣಕಾಸು ಸಚಿವರಿಗೆ ನಮಸ್ಕಾರಗಳು.

ಆದಾಯ ತೆರಿಗೆಯ ರಿಟರ್ನ್ ಫಾರಂಗೆ ಇನ್ನೊಂದು ಕಾಲಂ ಸೇರಿಸಿ, ಬರಬೇಕಾದ ರಿಫಂಡಿನಲ್ಲಿ ಇಷ್ಟು ಶಾಲೆಗೆ, ಇಷ್ಟು ಆಸ್ಪತ್ರೆಗೆ ಎಂದು ಬಿಟ್ಟುಕೊಡಲು ಅವಕಾಶ ಮಾಡಿಕೊಡಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಅಮೆರಿಕದ ಕೊಲೊರಾಡೊ ರಾಜ್ಯ 1977ರಲ್ಲೇ ವನ್ಯಜೀವಿಗಳ ಹೆಸರಿನಲ್ಲಿ ಇಂಥದ್ದನ್ನು ಜಾರಿಗೆ ತಂದಿತ್ತು. ಆಮೇಲೆ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಕೊಡುವ ವಿಷಯದಲ್ಲಿ ನಮ್ಮ ಸಂಬಳದಾರರು ಯಾರಿಗೂ ಕಡಿಮೆಯಿಲ್ಲ. ಟಿಡಿಎಸ್ ಎಂದು ತಿಂಗಳು ತಿಂಗಳೂ ಹಿಡಿದುಕೊಂಡದ್ದರಲ್ಲಿ ಹೆಚ್ಚಾದದ್ದೇ ರಿಫಂಡು, ಅಂದರೆ ನಮ್ಮದೇ ದುಡ್ಡು. ಅದಕ್ಕೆ ತಾವು ಕೊಡುವ ಬಡ್ಡಿ ತಿಂಗಳಿಗೆ ಅರ್ಧ ಪರ್ಸೆಂಟ್. ನಾವು ಕಟ್ಟುವುದು ತಡವಾದರೆ ತಾವು ವಸೂಲಿ ಮಾಡುವುದು ಒಂದು ಪರ್ಸೆಂಟ್. ಕೊಟ್ಟ ಅರ್ಧ ಪರ್ಸೆಂಟಿನ ಮೇಲೂ ಮತ್ತೆ ತೆರಿಗೆ. ರಿಫಂಡು ಒಟ್ಟು ತೆರಿಗೆಯ ಹತ್ತನೇ ಒಂದು ಪಾಲಿಗಿಂತ ಕಡಿಮೆಯಿದ್ದರೆ ಅದೂ ಇಲ್ಲ. ಕೇಳದೆಯೇ ಇಷ್ಟೆಲ್ಲ ಪಡೆದವರು ಇನ್ನುಮುಂದೆ ಕೇಳಿ ಪಡೆಯುವುದಾದರೆ ಸಂತೋಷವೇ. ಒಂದೇ ಷರತ್ತು. ರಿಟರ್ನ್ ಹಾಕಿದ 30 ದಿನದೊಳಗೆ ಒಟಿಪಿ ಒತ್ತಿ ಇ-ವೆರಿಫೈ ಮಾಡದಿದ್ದರೆ ನಾವು ಹಾಕಿದ್ದೂ ಹಾಕಿದಂತಲ್ಲ. ನಮ್ಮ ದಾನ ಶಾಲೆಗೆ ಮುಟ್ಟಿತೆಂದು ತಾವೂ 30 ದಿನದೊಳಗೆ ಇ-ವೆರಿಫೈ ಮಾಡಬೇಕು.

ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಇಂಥ ಕಾಲಂ ಫಾರಂ 16ರಲ್ಲಿ ಈಗಾಗಲೇ ಇದೆ. ಟಿಕ್ ಮಾಡುವ ಕೆಲಸವನ್ನು ಮಾತ್ರ ನಮ್ಮ ಪರವಾಗಿ ತಾವೇ ಮುಗಿಸಿದ್ದೀರಿ. ತೆರಿಗೆ ಒಂದು ಲಕ್ಷವಾದರೆ ಅದರ ಕೆಳಗಿನ ಸಾಲಿನಲ್ಲಿ 'ಆರೋಗ್ಯ ಮತ್ತು ಶಿಕ್ಷಣ ಸೆಸ್' ಎಂದು ನಾಲ್ಕು ಸಾವಿರ ಕೂತಿರುತ್ತದೆ. 2004ರಲ್ಲಿ ಎರಡು ಪರ್ಸೆಂಟಿನಿಂದ ಶುರುವಾದದ್ದು 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣದ ಹೆಸರಿನಲ್ಲಿ ಮೂರಾಯಿತು, 2018ರಲ್ಲಿ ನಾಲ್ಕಾಯಿತು. ಪ್ರೌಢ ಶಿಕ್ಷಣದ ಆ ಒಂದು ಪರ್ಸೆಂಟನ್ನು ಹಾಕಿಡಲು ಬೇಕಾದ ನಿಧಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2017ರ ಆಗಸ್ಟ್‌ನಲ್ಲಿ. ಹತ್ತು ವರ್ಷ ವಸೂಲಿ ನಡೆಯಿತು, ಪೆಟ್ಟಿಗೆಯೇ ಇರಲಿಲ್ಲ! 2017-18ರ ಹೊತ್ತಿಗೆ ಹೀಗೆ ಸೇರಿದ 94,036 ಕೋಟಿ ರೂಪಾಯಿ ನಿಧಿಗೆ ಹೋಗದೆ ಸಂಚಿತ ನಿಧಿಯಲ್ಲೇ ಉಳಿಯಿತೆಂದು ಬರೆದವರು ವಿರೋಧ ಪಕ್ಷದವರಲ್ಲ, ಸಿಎಜಿ. ನಾವು ಬ್ಯಾಂಕ್ ಖಾತೆಯನ್ನು ಪ್ರಿ-ವ್ಯಾಲಿಡೇಟ್ ಮಾಡದಿದ್ದರೆ ನಮ್ಮ ಎರಡು ಸಾವಿರದ ರಿಫಂಡು ಬರುವುದಿಲ್ಲ. ತೊಂಬತ್ತನಾಲ್ಕು ಸಾವಿರ ಕೋಟಿಗೆ ಖಾತೆಯೇ ಇಲ್ಲದಿದ್ದರೂ ನಡೆಯುತ್ತದೆ. ಅದನ್ನು ಇ-ವೆರಿಫೈ ಮಾಡುವಂತೆ ತಮ್ಮ ಮೊಬೈಲಿಗೆ ಯಾವ ಮೆಸೇಜೂ ಬರಲಿಲ್ಲವೇ?

ಇದಕ್ಕೆ ತಮ್ಮ ಅಧಿಕಾರಿಗಳ ಉತ್ತರ ಗೊತ್ತಿದೆ: ಸೆಸ್‌ನಲ್ಲಿ ಬಂದದ್ದಕ್ಕಿಂತ ಹೆಚ್ಚಿನ ಹಣವನ್ನು ಬಜೆಟ್‌ನಲ್ಲಿ ಶಿಕ್ಷಣಕ್ಕೆ ಕೊಡುತ್ತಲೇ ಇದ್ದೇವೆ, ದುಡ್ಡು ಯಾವ ಪೆಟ್ಟಿಗೆಯಿಂದ ಹೋದರೇನು? ಒಪ್ಪೋಣ. ಹಾಗಾದರೆ ಪೆಟ್ಟಿಗೆಯ ಮೇಲೆ ಹೆಸರು ಬರೆದದ್ದೇಕೆ? ಶಾಲೆಗೆಂದು ನಾವು ಸಾವಿರ ಕೊಟ್ಟಾಗ ಬಜೆಟ್‌ನಿಂದ ಶಾಲೆಗೆ ಹೋಗಬೇಕಿದ್ದ ಸಾವಿರವನ್ನು ಬೇರೆಡೆಗೆ ತಿರುಗಿಸಿದರೆ, ನಾವು ದಾನ ಕೊಟ್ಟದ್ದು ಶಾಲೆಗಲ್ಲ, ಆ ಬೇರೆಡೆಗೆ. ಅದು ಎಲ್ಲಿ ಎಂದು ಯಾವ ಕಾಲಂ ಹೇಳುತ್ತದೆ? ಹೆಸರಿನ ಇನ್ನೊಂದು ಲಾಭವಂತೂ ತಮಗೆ ಚೆನ್ನಾಗಿ ಗೊತ್ತು: ಸೆಸ್ ಎಂದು ಕರೆದ ಹಣವನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾಗಿಲ್ಲ. ಸರ್ಕಾರಿ ಪ್ರೌಢಶಾಲೆಯ ಮೇಷ್ಟರ ಸಂಬಳ ಕೊಡುವುದು ರಾಜ್ಯ, ಅವರ ಶಾಲೆಯ ಹೆಸರಿನಲ್ಲಿ ವಸೂಲಿ ಮಾಡಿದ್ದನ್ನು ಇಟ್ಟುಕೊಳ್ಳುವುದು ದಿಲ್ಲಿ. ನಮ್ಮ ರಿಟರ್ನ್‌ಗಳನ್ನು ಪ್ರೊಸೆಸ್ ಮಾಡುವ ಕೇಂದ್ರ ಬೆಂಗಳೂರಿನಲ್ಲಿದೆ ಎಂಬ ಸಮಾಧಾನ ಮಾತ್ರ ನಮ್ಮ ಪಾಲಿಗೆ.

ಇನ್ನೊಂದು ಮಾತು ಬರುತ್ತದೆ: ಒತ್ತಾಯವೇನಿಲ್ಲವಲ್ಲ, ಇಷ್ಟವಿದ್ದವರು ಕೊಡಲಿ, ನಿಮಗೇಕೆ ಹೊಟ್ಟೆನೋವು? ಇಷ್ಟವಿದ್ದವರು ಈಗಲೂ ಕೊಡಬಹುದು; ಪ್ರಧಾನಿ ಪರಿಹಾರ ನಿಧಿಯಿಂದ ಸ್ವಚ್ಛ ಭಾರತ ಕೋಶದವರೆಗೆ ಬಾಗಿಲುಗಳು ತೆರೆದೇ ಇವೆ. ಕೊಟ್ಟವರಿಗೆ 80ಜಿ ವಿನಾಯಿತಿಯಾದರೂ ಇತ್ತು. ಹೊಸ ತೆರಿಗೆ ಪದ್ಧತಿಗೆ ಸೇರಿದವರಿಗೆ ಅದನ್ನು ತೆಗೆದು ಹಾಕಿದ್ದು ತಮ್ಮದೇ ಸರ್ಕಾರ. ಇಷ್ಟಪಟ್ಟು ಬಿಟ್ಟುಕೊಟ್ಟವರ ಕಥೆಯನ್ನೂ ನೋಡಿದ್ದೇವೆ. 2015ರಲ್ಲಿ ಕರೆ ಕೊಟ್ಟಿರಿ, ಒಂದು ಕೋಟಿಗೂ ಹೆಚ್ಚು ಮನೆಗಳು ಗ್ಯಾಸ್ ಸಬ್ಸಿಡಿ ಬಿಟ್ಟುಕೊಟ್ಟವು. 2020ರ ಹೊತ್ತಿಗೆ ಬಿಟ್ಟುಕೊಡದ ಸಾಮಾನ್ಯ ಗ್ರಾಹಕರ ಖಾತೆಗೂ ಸಬ್ಸಿಡಿ ಬರುವುದು ನಿಂತಿತು. ಮೊದಲು ಚಪ್ಪಾಳೆ, ಆಮೇಲೆ ಎಲ್ಲರಿಗೂ ಅದೇ ರೂಢಿ. ರಿಫಂಡಿನ ಕಾಲಂಗೂ ಇದೇ ಗತಿ ಬರುವುದಿಲ್ಲವೆಂದು ಯಾರು ಇ-ವೆರಿಫೈ ಮಾಡುತ್ತಾರೆ?

ಆದ್ದರಿಂದ ಕಾಲಂ ತರುವುದೇ ಆದರೆ ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಹೋದ ವರ್ಷ ಈ ನಿಧಿಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಯಾವ ತಾಲ್ಲೂಕಿನಲ್ಲಿ. ಅದನ್ನು ಓದಿ ಟಿಕ್ ಮಾಡುತ್ತೇವೆ, ಇಲ್ಲವೇ ಬಿಡುತ್ತೇವೆ. ಹೊಸ ತೆರಿಗೆ ಪದ್ಧತಿಯ ಹಾಗೆ ಟಿಕ್ ಅನ್ನು ಮೊದಲೇ ತಾವೇ ಹಾಕಿಡಬೇಡಿ. ದಾನ ಮಾಡಿದ ಮೊತ್ತದ ಮೇಲೆ ನಾಲ್ಕು ಪರ್ಸೆಂಟ್ ಸೆಸ್ಸನ್ನೂ ದಯವಿಟ್ಟು ಹಾಕಬೇಡಿ.

ಇತಿ,
ಒಬ್ಬ ಸಂಬಳದಾರ