ಬಹುಪರಾಕ್ ಮೀಮಾಂಸೆ

ಅಮೆರಿಕದ ಎರಡು ದೊಡ್ಡ ಪಕ್ಷಗಳು ನಾಲ್ಕು ವರ್ಷಕ್ಕೊಮ್ಮೆ ನಡೆಸುವ ರಾಷ್ಟ್ರೀಯ ಸಮಾವೇಶಗಳಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯ ಪರವಾಗಿ ಉಕ್ಕಿ ಹರಿಯುವ ವಾಗ್ವಾಹಿನಿಯ ಬಹುಆಯಾಮಗಳನ್ನು ಸಂಕಥನದ ಚೌಕಟ್ಟಿನೊಳಗೆ ಮುಖಾಮುಖಿಯಾಗಿಸಿ, ಅದರ ತಾತ್ವಿಕ ನೆಲೆಗಳನ್ನು ಅನುಸಂಧಾನಗೊಳಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಹಾಗೆಂದರೇನು ಎಂದು ಕೇಳಬಾರದು. ವಿಚಾರ ಸಂಕಿರಣಗಳಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಊಟಕ್ಕೆ ತಡವಾಗುತ್ತದೆ.

ಪೂರ್ವಪಕ್ಷ: ಭಾಷಣದಿಂದ ಬೆಂಬಲ ಹುಟ್ಟುತ್ತದೆ. ಸಿದ್ಧಾಂತ: ಬೆಂಬಲ ಎಂದೋ ಹುಟ್ಟಿ, ಟೋಪಿ ಹಾಕಿಕೊಂಡು, ಸಭಾಂಗಣದಲ್ಲಿ ಮೊದಲೇ ಬಂದು ಕೂತಿರುತ್ತದೆ. ಹಿಂದೆ ಹೀಗಿರಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಡೆಮಾಕ್ರಟರು 103 ಸುತ್ತು ಮತ ಹಾಕಿ, ಬೆವರಿಳಿಸಿ, ಜಾನ್ ಡೇವಿಸ್ ಎಂಬವರನ್ನು ಆರಿಸಿದರು. ದೇಶ ಒಂದೇ ಸುತ್ತಿನಲ್ಲಿ ಕ್ಯಾಲ್ವಿನ್ ಕೂಲಿಜ್ ಅವರನ್ನು ಆರಿಸಿತು. ಕಳೆದ ಅರ್ಧ ಶತಮಾನದಿಂದ ತೀರ್ಮಾನವೆಲ್ಲ ಬಹುಮಟ್ಟಿಗೆ ಪ್ರಾಥಮಿಕ ಚುನಾವಣೆಗಳಲ್ಲೇ ಆಗಿಹೋಗುವುದರಿಂದ, ಸಮಾವೇಶದ ಹೊತ್ತಿಗೆ ಅನಿಶ್ಚಿತವಾಗಿ ಉಳಿಯುವುದು ಚಾವಣಿಯ ಬಲೂನುಗಳು ಮಾತ್ರ. 1980ರಲ್ಲಿ ಜಿಮ್ಮಿ ಕಾರ್ಟರ್ ಭಾಷಣ ಮುಗಿಸಿದಾಗ ಅವೂ ಕೈಕೊಟ್ಟವು.

ಇನ್ನು ರಸನಿಷ್ಪತ್ತಿ. ಆಲಂಬನ ವಿಭಾವ: ಅಭ್ಯರ್ಥಿ. ಉದ್ದೀಪನ ವಿಭಾವ: ಬ್ಯಾಂಡು, ಬಾವುಟ. ಅನುಭಾವ: ವಾಕ್ಯಕ್ಕೊಮ್ಮೆ ಎದ್ದು ನಿಲ್ಲುವುದು. ಸಂಚಾರಿಭಾವ: ಆಕಳಿಕೆ. ಸ್ಥಾಯೀಭಾವ: ಗೆದ್ದರೆ ನನಗೇನು ಸಿಕ್ಕೀತು ಎಂಬ ಚಿಂತೆ.

ಸ್ತುತಿಕಾರರಲ್ಲಿ ಒಂಬತ್ತು ಪ್ರಭೇದ. ಮೊದಲನೆಯದು ದೀರ್ಘಸ್ತುತಿ. 1988ರಲ್ಲಿ ಅಟ್ಲಾಂಟಾದಲ್ಲಿ ಮೈಕೆಲ್ ಡುಕಾಕಿಸ್ ಅವರನ್ನು ಹೊಗಳಲು ನಿಂತ ಬಿಲ್ ಕ್ಲಿಂಟನ್ ಅರ್ಧ ಗಂಟೆ ದಾಟಿಸಿದರು. ‘ಕೊನೆಯದಾಗಿ’ ಎಂದಾಗ ಸಭೆ ಹೋ ಎಂದು ಕೂಗಿತು; ಆ ಭಾಷಣದಲ್ಲಿ ಎಲ್ಲರೂ ಮನಸಾರೆ ಅನುಮೋದಿಸಿದ ಮಾತು ಅದೊಂದೇ. ಎರಡನೆಯದು ಪರನಿಮಿತ್ತಕ ಆತ್ಮೋದಯ. 2004ರಲ್ಲಿ ಬಾಸ್ಟನ್ನಿನಲ್ಲಿ ಜಾನ್ ಕೆರಿ ಪರವಾಗಿ ಬರಾಕ್ ಒಬಾಮ ಮಾತಾಡಿದರು. ಕೆರಿ ಸೋತರು, ಭಾಷಣ ಮಾಡಿದವರು ನಾಲ್ಕು ವರ್ಷದಲ್ಲಿ ಅಧ್ಯಕ್ಷರಾದರು. ಡುಕಾಕಿಸ್ ಸೋತ ನಾಲ್ಕು ವರ್ಷಕ್ಕೆ ಕ್ಲಿಂಟನ್ನರೂ ಆದರು. ಎಂದಮೇಲೆ ಬೆಂಬಲ ಉತ್ಪತ್ತಿಯಾಗುವುದಿಲ್ಲವೆಂದಲ್ಲ, ಪಾರ್ಸೆಲ್ಲು ಬೇರೆ ಮನೆಗೆ ಹೋಗುತ್ತದೆ. ಮೂರನೆಯದು ಶೂನ್ಯಪೀಠಸಂವಾದ. 2012ರಲ್ಲಿ ಟ್ಯಾಂಪಾದಲ್ಲಿ ಮಿಟ್ ರಾಮ್ನಿ ಪರ ಬಂದ ನಟ ಕ್ಲಿಂಟ್ ಈಸ್ಟ್‌ವುಡ್, ಒಂದು ಖಾಲಿ ಕುರ್ಚಿಯನ್ನೇ ಒಬಾಮ ಎಂದು ಭಾವಿಸಿ ಜಗಳ ತೆಗೆದರು. ಶೂನ್ಯಸಂಪಾದನೆ ನಮ್ಮ ಶರಣರದೇ ಸ್ವತ್ತು ಎಂದುಕೊಂಡಿದ್ದೆವು.

ಉಳಿದ ಆರು ಪ್ರಭೇದಗಳಲ್ಲೂ ಅಭ್ಯರ್ಥಿಯ ಅಜ್ಜ ಬಡವ, ಅಮ್ಮ ಕಷ್ಟಸಹಿಷ್ಣು, ನೆರೆಹೊರೆ ಬಂಗಾರ. ಸಾಕು, ಬಿಟ್ಟಿದ್ದೇನೆ.

ಏಕೆಂದರೆ ಈ ಲಕ್ಷಣಶಾಸ್ತ್ರ ಯಾವುದಕ್ಕೂ ಬಗ್ಗದ ಒಂದು ಮಾತು 1964ರ ಅಟ್ಲಾಂಟಿಕ್ ಸಿಟಿಯಲ್ಲಿ ಕೇಳಿಬಂದಿತ್ತು. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿದ ಫ್ಯಾನಿ ಲೂ ಹೇಮರ್ ಯಾರನ್ನೂ ಹೊಗಳಲು ಬಂದಿರಲಿಲ್ಲ. ಬಿಳಿಯರೇ ತುಂಬಿದ್ದ ತಮ್ಮ ರಾಜ್ಯದ ಪ್ರತಿನಿಧಿ ತಂಡವನ್ನು ಪ್ರಶ್ನಿಸಲು ಡೆಮಾಕ್ರಟರ ಅರ್ಹತಾ ಸಮಿತಿಯ ಎದುರು ಕೂತು, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದ ತಪ್ಪಿಗೆ ತೋಟದಿಂದ ಹೊರಹಾಕಿದ್ದನ್ನು, ಜೈಲಿನಲ್ಲಿ ಮಲಗಿಸಿ ಹೊಡೆಸಿದ್ದನ್ನು ಹೇಳಿದರು. ಹತ್ತು ನಿಮಿಷವೂ ಇರದ ಮಾತು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಅಷ್ಟು ಹೊತ್ತಿಗೆ ಪಕ್ಷದಲ್ಲಿ ಎದುರಾಳಿಯೇ ಉಳಿದಿರಲಿಲ್ಲ. ಆದರೂ ಅಷ್ಟಕ್ಕೇ ಹೆದರಿ, ಅವಸರದಲ್ಲಿ ಪತ್ರಿಕಾಗೋಷ್ಠಿ ಕರೆದು ಟಿವಿ ಕ್ಯಾಮೆರಾಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ವಾಹಿನಿಗಳು ಆ ಮಾತನ್ನು ರಾತ್ರಿ ಮತ್ತೆ ತೋರಿಸಿದವು; ಇಡೀ ದೇಶ ಕೇಳಿತು. ಹೊಗಳುಭಟರಿಗೆ ಗಂಟೆಗಟ್ಟಲೆ ವೇದಿಕೆ ಬಿಟ್ಟುಕೊಡುವವರಿಗೆ ಏಟು ತಿಂದ ಹೆಂಗಸಿನ ಹತ್ತು ನಿಮಿಷ ಭಾರವಾಯಿತಲ್ಲ! ಕೊನೆಗೆ ಪಕ್ಷ ಹೇಮರ್ ಜೊತೆ ಬಂದಿದ್ದ ಪರ್ಯಾಯ ತಂಡಕ್ಕೆ ಎರಡು ಸ್ಥಾನ ಕೊಡಲು ಬಂತು. ಎರಡಕ್ಕಾಗಿ ಇಷ್ಟು ದೂರ ಬಂದಿಲ್ಲವೆಂದು ಅವರು ಒಪ್ಪಲಿಲ್ಲ.

ಜಾನ್ಸನ್ ಅವಿರೋಧವಾಗಿ ಅಭ್ಯರ್ಥಿಯಾದರು. ಸಮಾವೇಶದ ಕೊನೆಯ ದಿನ ಅವರ ಹುಟ್ಟುಹಬ್ಬ. ಕಡಲ ದಂಡೆಯಲ್ಲಿ ಬಾಣಬಿರುಸು ಹಾರಿಸಿದರು.