ಸಶಿಶು ಕೌಟುಂಬಿಕ ತೀರಗಾಳ ಮತ್ಸ್ಯೋದ್ಯಮ: ಸುಸ್ಥಿರತೆಯ ತಾತ್ವಿಕ ನೆಲೆಗಳು

ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಯ ಮೀನುಗಾರಿಕೆಯನ್ನು ಈವರೆಗಿನ ವಿದ್ವತ್ತು ಯಾಂತ್ರೀಕೃತ, ಮೋಟಾರೀಕೃತ, ಸಾಂಪ್ರದಾಯಿಕ ಎಂದು ಮೂರು ಕೋಣೆ ಮಾಡಿ ಬೀಗ ಹಾಕಿಕೊಂಡು ಕೂತಿದೆ. ಭಾನುವಾರ ಊಟ ಮುಗಿಸಿ, ಸ್ಕೂಟರಿನ ಮುಂದೊಂದು ಮಗುವನ್ನು ನಿಲ್ಲಿಸಿಕೊಂಡು ಹಿಂದಿನದನ್ನು ತಾಯಿ ಅವಚಿಕೊಂಡು, ಬಾಟಲಿಗೆ ಸುತ್ತಿದ ನೈಲಾನ್ ದಾರ, ಕಾಲು ಕಿಲೋ ಸಿಗಡಿ, ಒಂದು ಪ್ಲಾಸ್ಟಿಕ್ ಬಕೆಟ್ ಸಮೇತ ಅಳಿವೆಯ ಕಡೆ ಹೊರಡುವ ಸಂಸಾರಕ್ಕೆ ಈ ಮೂರರಲ್ಲಿ ಎಲ್ಲೂ ಜಾಗವಿಲ್ಲ. ಈ ಜ್ಞಾನಮೀಮಾಂಸಾತ್ಮಕ ಲೋಪವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ತುಂಬಿಕೊಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಸದರಿ ಚಟುವಟಿಕೆಯನ್ನು ಇಲ್ಲಿ 'ಸಶಿಶು ಕೌಟುಂಬಿಕ ತೀರಗಾಳ ಮತ್ಸ್ಯೋದ್ಯಮ' ಎಂದೂ ಸಂಕ್ಷೇಪದಲ್ಲಿ 'ಸಕೌತೀಮ' ಎಂದೂ ಕರೆಯಲಾಗಿದೆ. ಸಂಕ್ಷೇಪವಿಲ್ಲದ ಯೋಜನೆಗೆ ಅನುದಾನ ಸಿಗುವುದು ಕಷ್ಟವಾದ್ದರಿಂದ ಓದುಗರು ಸಹಿಸಿಕೊಳ್ಳಬೇಕು. ಪ್ರಬಂಧದ ವಾದ ಸರಳ: ಸುಸ್ಥಿರತೆ, ಹೊಣೆಗಾರಿಕೆ, ಸಮುದಾಯ ಸಹಭಾಗಿತ್ವ ಎಂದು ಹವಾನಿಯಂತ್ರಿತ ಸಭಾಂಗಣಗಳಲ್ಲಿ ಹೇಳಲಾಗುವ ಅಷ್ಟೂ ಗುಣಗಳನ್ನು ಒಂದೂ ಬಿಡದೆ ಮೈಗೂಡಿಸಿಕೊಂಡಿರುವ ಮೀನುಗಾರಿಕೆ ನಮ್ಮ ಕರಾವಳಿಯಲ್ಲಿ ಇದೊಂದೇ.

ಪುರಾವೆಗೆ ಬರೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೊಣೆಯರಿತ ಮೀನುಗಾರಿಕೆಗೆಂದು 1995ರಲ್ಲೇ ಒಂದು ನೀತಿಸಂಹಿತೆ ತಂದಿತು. ಹಿಡಿಯುವ ಶ್ರಮಕ್ಕೆ ಮಿತಿ ಇರಲಿ, ಬೇಕಾದ ಮೀನನ್ನಷ್ಟೇ ಹಿಡಿಯುವ ಸಲಕರಣೆ ಇರಲಿ, ಬೇಡದ್ದನ್ನು ಹಿಡಿದು ಬಿಸಾಡುವುದು ತಗ್ಗಲಿ ಎಂಬುದು ಅದರ ಆಶಯಗಳಲ್ಲಿ ಕೆಲವು. ಶ್ರಮದ ಮಿತಿಯನ್ನು ಸಕೌತೀಮ ಹೇಗೆ ಸಾಧಿಸುತ್ತದೆ ನೋಡಿ. ಗಾಳಕ್ಕೆ ಮೀನು ಬೀಳುವುದು ನೀರು ಏರತೊಡಗಿದ ಹೊತ್ತಿನಲ್ಲಿ ಎಂದು ಅಳಿವೆಯಲ್ಲಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಸಂಸಾರ ಹೊರಡುವ ಹೊತ್ತನ್ನು ಮಾತ್ರ ಚಂದ್ರ ನಿರ್ಧರಿಸುವುದಿಲ್ಲ, ಚಿಕ್ಕ ಮಗುವಿನ ಮಧ್ಯಾಹ್ನದ ನಿದ್ದೆ ನಿರ್ಧರಿಸುತ್ತದೆ. ಹೀಗಾಗಿ ಸಂಸಾರ ಅಳಿವೆ ತಲುಪುವಾಗ ನೀರು ಇಳಿದಿರುತ್ತದೆ, ನೀರು ಏರುವಾಗ ಮಗುವಿಗೆ ಹಸಿವಾಗಿರುತ್ತದೆ. ಮೀನುಗಾರಿಕಾ ಪ್ರಯತ್ನವನ್ನು ಇಷ್ಟು ಪರಿಣಾಮಕಾರಿಯಾಗಿ ನಿಯಂತ್ರಿಸುವ ಕಾನೂನನ್ನು ಯಾವ ವಿಧಾನಸಭೆಯೂ ಮಾಡಿಲ್ಲ. ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು. ಅದಕ್ಕಿಂತ ಹಳೆಯದೂ ಬಿಗಿಯೂ ಆದದ್ದು 'ಮೋಡ ಕಟ್ಟಿದೆ, ಮಕ್ಕಳನ್ನು ಕಟ್ಟಿಕೊಂಡು ನೀರ ಹತ್ತಿರ ಹೋಗ್ಬೇಡಿ' ಎಂಬ ಅಜ್ಜಿಯ ಶಾಸನ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅಜ್ಜಿಯ ನಿಷೇಧಕ್ಕೆ ಅಂತ್ಯದ ದಿನಾಂಕವೇ ಇಲ್ಲ.

ಸಲಕರಣೆಯ ಆಯ್ಕೆಗುಣವೂ ಇಷ್ಟೇ ಪರಿಪೂರ್ಣ. ಸಿಗಡಿಯ ಸಿಪ್ಪೆ ಸುಲಿದು ಬಾಲದ ಕಡೆಯಿಂದ ಮುಳ್ಳಿಗೆ ಪೋಣಿಸುವ ಕೆಲಸವನ್ನು ಐದು ವರ್ಷದ ಹುಡುಗಿ ತಾನೇ ಮಾಡುತ್ತೇನೆಂದು ಹಟ ಹಿಡಿಯುತ್ತಾಳೆ. ಮೂರು ಸಿಗಡಿ ನುಜ್ಜುಗುಜ್ಜಾದ ಮೇಲೆ ನಾಲ್ಕನೆಯದು ಹೇಗೋ ಕೂರುತ್ತದೆ. ಸೀಸದ ಗುಂಡು ಕಟ್ಟಿದ ದಾರ ನೀರಿಗೆ ಬೀಳುವುದು ಕಾಲಿನಿಂದ ಒಂದೂವರೆ ಮಾರು ದೂರಕ್ಕೆ. ಅಷ್ಟು ಹತ್ತಿರ ಬರುವ ಜೀವ ಎಂದರೆ ಎರೆಯನ್ನಷ್ಟೇ ಚಿವುಟಿಕೊಂಡು ಹೋಗುವ ಏಡಿ, ಅಪರೂಪಕ್ಕೊಮ್ಮೆ ಒಂದು ಊದುಮೀನು. ಈ ಮೀನು ಮೇಲೆ ಬಂದಕೂಡಲೇ ಹೊಟ್ಟೆಯನ್ನು ಚೆಂಡಿನಷ್ಟು ಉಬ್ಬಿಸಿಕೊಂಡು ಹಲ್ಲು ಕಟಕಟಿಸುತ್ತದೆ, ಮಕ್ಕಳು ಕಿರುಚುತ್ತವೆ, ಐದು ನಿಮಿಷ ಬಕೆಟ್ಟಿನಲ್ಲಿ ಅದರ ಪ್ರದರ್ಶನ ನಡೆಯುತ್ತದೆ, ಆಮೇಲೆ ಅದನ್ನು ಬಕೆಟ್ ಸಮೇತ ಕಡಲಿಗೆ ಮರಳಿಸಲಾಗುತ್ತದೆ. ಬಕೆಟ್ಟನ್ನು ಹಿಂದಕ್ಕೆ ತರಲು ತಂದೆ ಮೊಣಕಾಲುದ್ದ ನೀರಿಗಿಳಿಯುತ್ತಾನೆ. ಹಿಡಿದದ್ದನ್ನು ಬದುಕಿದ್ದಂತೆಯೇ ಬಿಡುವ ಪ್ರಮಾಣ ಹೀಗೆ ನೂರಕ್ಕೆ ನೂರು.

ಪಾಲ್ಗೊಳ್ಳುವವರ ವರ್ಗೀಕರಣವಿಲ್ಲದೆ ಪ್ರಬಂಧ ಪ್ರಬಂಧವೆನಿಸದು. ಸಕೌತೀಮದ ಭಾಗೀದಾರರನ್ನು ಅವರ ಕಾರ್ಯನೆಲೆಗೆ ಅನುಗುಣವಾಗಿ ಹದಿನಾಲ್ಕು ವರ್ಗ ಮಾಡಬಹುದು. ಮೊದಲನೆಯದು ಪ್ರಧಾನ ಗಾಳಧಾರಿ, ಅಂದರೆ ತಂದೆ. ದಾರದ ಸಿಕ್ಕು ಬಿಡಿಸುವುದೇ ಆತನ ಪ್ರಧಾನ ಕಾರ್ಯ. ಎರಡನೆಯದು ಶಿಶು ಗಾಳಧಾರಿ. 'ಬಿತ್ತಾ, ಬಿತ್ತಾ' ಎಂದು ಕೇಳುವ ಮೂಲಕ ಸತತ ಮೌಲ್ಯಮಾಪನ ಮತ್ತು ಮೇಲ್ವಿಚಾರಣೆ ನಡೆಸುವುದು ಇದರ ಜವಾಬ್ದಾರಿ. ಮೂರನೆಯದು ಆಹಾರ ಭದ್ರತಾ ಘಟಕ. ಇದು ತಾಯಿಯ ಚೀಲದಲ್ಲಿರುತ್ತದೆ, ಗೋಳಿಬಜೆ ಮತ್ತು ಚುರುಮುರಿಯನ್ನು ಒಳಗೊಂಡಿರುತ್ತದೆ. ನಾಲ್ಕನೆಯದು... ಇರಲಿ, ಮುಂದಿನವು ಯಾಕೆ? ಮೀನು ಹಿಡಿಯುವವರನ್ನು ಫಲಾನುಭವಿ, ಭಾಗೀದಾರ, ಗುರಿ ಗುಂಪು ಎಂದು ಹಂಚಿ ಹಾಕುವ ವಿದ್ಯೆಯನ್ನು ನಮ್ಮ ತರಬೇತಿ ಶಿಬಿರಗಳಿಗೇ ಬಿಡುವುದು ಲೇಸು. ನಲವತ್ತು ವರ್ಷ ಕಡಲು ಕಂಡವನನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ಕಡತ ಕೊಟ್ಟು, ಗೋಡೆಯ ಮೇಲಿನ ಚಿತ್ರ ತೋರಿಸಿ 'ಸಾಮರ್ಥ್ಯ ವರ್ಧನೆ' ಮಾಡುವವರಿಗೆ ಹದಿನಾಲ್ಕೇಕೆ, ನೂರ ನಲವತ್ತು ವರ್ಗವೂ ಸಾಲದು.

ವಿದ್ವಾಂಸರ ಮೊದಲ ಆಕ್ಷೇಪ ಗೊತ್ತಿರುವಂಥದ್ದೇ: ಮೀನೇ ಸಿಗದಿದ್ದರೆ ಅದು ಮೀನುಗಾರಿಕೆ ಹೇಗಾದೀತು? ಫಲಿತಾಂಶ ಶೂನ್ಯ ಎಂಬ ಕಾರಣಕ್ಕೆ ಯಾವ ಯೋಜನೆಯನ್ನೂ ಯೋಜನೆಯಲ್ಲ ಎಂದು ಕರೆದದ್ದುಂಟೇ? ಅದರ ಮುಂದುವರಿಕೆಯನ್ನು ಎರಡನೇ ಹಂತ ಎಂದು ಕರೆಯುತ್ತೇವೆ, ಅಷ್ಟೇ. ಮೇಲಾಗಿ ಸಂಸಾರ ಬರಿಗೈಲಿ ಮನೆಗೆ ಹೋಗುವುದಿಲ್ಲ. ದಾರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನಿಂದ ಬಂಗುಡೆ ಕೊಂಡು, ಚೌಕಾಸಿ ಮಾಡಿ ಎರಡು ಹೆಚ್ಚು ಹಾಕಿಸಿಕೊಂಡು ಹೋಗುತ್ತದೆ. ಮಗು ನೆರೆಮನೆಯವರಿಗೆ 'ನಾವು ಹಿಡಿದದ್ದು' ಎನ್ನುತ್ತದೆ. ಸಾಧನೆಯ ಅಂಕಿಅಂಶ ಸಿದ್ಧವಾಗುವ ಈ ಬಗೆ ಇತರ ಕಡೆಗಳಲ್ಲೂ ಬಳಕೆಯಲ್ಲಿದೆ.

ಎರಡನೆಯ ಆಕ್ಷೇಪ ಇನ್ನಷ್ಟು ಸೂಕ್ಷ್ಮ. ಕಾಲು ಕಿಲೋ ಸಿಗಡಿ ಖರ್ಚು ಮಾಡಿ ಏನೂ ಹಿಡಿಯದ ಉದ್ಯಮದ ನಿವ್ವಳ ಉತ್ಪಾದನೆ ಸೊನ್ನೆಗಿಂತ ಕೆಳಗೆ, ಇದು ಸಂಪನ್ಮೂಲದ ಅಪವ್ಯಯ ಎನ್ನುತ್ತಾರೆ. ಒಪ್ಪೋಣ. ಆದರೆ ಜಲಚರಗಳನ್ನು ವ್ಯಯಿಸಿ ಜಲಚರ ಪಡೆಯುವ ಲೆಕ್ಕಾಚಾರ ಈ ಸಂಸಾರದ ಆವಿಷ್ಕಾರವಲ್ಲ. ಬಲೆಯಲ್ಲಿ ಬಂದ ಮರಿಮೀನನ್ನು, ಯಾರೂ ತಿನ್ನಲೊಲ್ಲದ ಸಣ್ಣ ಮೀನನ್ನು ರಾಶಿಗಟ್ಟಲೆ ಕಾರ್ಖಾನೆಗೆ ಸಾಗಿಸಿ, ಬೇಯಿಸಿ, ಎಣ್ಣೆ ಹಿಂಡಿ, ಪುಡಿ ಮಾಡಿ, ಅದನ್ನು ಕೊಳಗಳಲ್ಲಿ ಸಾಕುವ ಸಿಗಡಿಗೆ ತಿನ್ನಿಸುವುದು ನಮ್ಮ ಕರಾವಳಿಯಲ್ಲೂ ಬೇರೂರಿದ ಉದ್ಯಮ. ಸಿಗಡಿಗಾಗಿ ಮೀನು ಅರೆದರೆ ನೀಲಿ ಆರ್ಥಿಕತೆ, ಮೀನಿಗಾಗಿ ಸಿಗಡಿ ಚುಚ್ಚಿದರೆ ಅಪವ್ಯಯ! ಕೇರಳ 2015ರಲ್ಲಿ ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಕೂಡದೆಂದು ಗೆರೆ ಎಳೆಯಿತು. ಆ ಗೆರೆಯ ಅರ್ಥ ಮಕ್ಕಳಿಗೆ ವಿವರಿಸಬೇಕಿಲ್ಲ. ಬೆರಳುದ್ದದ ಮೀನು ಗಾಳಕ್ಕೆ ಸಿಕ್ಕರೆ 'ಪಾಪ, ಮರಿ' ಎಂದು ಅವೇ ಬಿಡಿಸುತ್ತವೆ. ವಿವರಿಸಬೇಕಾದದ್ದು ದೊಡ್ಡವರಿಗೆ. ರಾತ್ರಿ ಕಡಲ ಮೇಲೆ ಎಲ್‌ಇಡಿ ದೀಪ ಉರಿಸಿ ಮೀನನ್ನು ಬಲೆಗೆ ಸೆಳೆಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದ ಮೇಲೂ ದೀಪ ಆರಿಸಿ ಎಂದು ನಾಡದೋಣಿಯವರು ಬಂದರು ಬಂದರಿನಲ್ಲಿ ಕೂಗಬೇಕಾಗಿ ಬಂತು. ನಿಯಮ ಪುಸ್ತಕದಲ್ಲಿ ಅಚ್ಚುಕಟ್ಟಾಗಿದೆ. ಕೊಡದಲ್ಲಿ ನೀರಿಲ್ಲ, ಕೊಡದ ಮೇಲಿನ ಕುಂಕುಮ ಮಾತ್ರ ಹೊಳೆಯುತ್ತಿದೆ.

ಆದರೆ ಸಕೌತೀಮದಲ್ಲೂ ಮುಚ್ಚಿಡಲಾಗದ ದೋಷವೊಂದುಂಟು. ಬಂಡೆಗೆ ಸಿಕ್ಕಿಕೊಂಡ ದಾರವನ್ನು ಹಲ್ಲಿನಿಂದ ಕಡಿದು ಅಲ್ಲೇ ಬಿಟ್ಟುಬರುವುದು ಮಹಾಪರಾಧ. ಆ ನೈಲಾನ್ ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೆ, ಆಮೆಯ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಚುರುಮುರಿಯ ಪೊಟ್ಟಣದ ಬಗ್ಗೆಯೂ ಇದೇ ಮಾತು. ಇಲ್ಲಿ ಸಂಸಾರದ ಪರ ವಕಾಲತ್ತು ಇಲ್ಲ.

ಮೂರನೆಯ ಆಕ್ಷೇಪವನ್ನು ಮಾತ್ರ ತಮಾಷೆಯಲ್ಲಿ ತೇಲಿಸಲಾಗದು. ಕಡಲು ಮೀನುಗಾರರ ಹೊಟ್ಟೆಪಾಡು, ಅದನ್ನು ಭಾನುವಾರದ ಮೋಜು ಮಾಡಬೇಡಿ ಎಂಬುದು ಅದು. ನ್ಯಾಯವಾದ ಮಾತೇ. ಆದರೆ ಮಗುವನ್ನೂ ಕಡಲನ್ನೂ ಬೇರೆ ಮಾಡಿದ್ದು ಯಾರು ಎಂದು ಕೇಳಬೇಕಾಗುತ್ತದೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬರುವವರೆಗೆ ನಮ್ಮ ಕರಾವಳಿಯ ದೊಡ್ಡ ಮೀನುಗಾರಿಕೆ ಎಂದರೆ ರಂಪಣಿ. ದೋಣಿಯಲ್ಲಿ ಹೋಗಿ ಅರ್ಧಚಂದ್ರದಂತೆ ಬಲೆ ಬಿಟ್ಟು ಬಂದರೆ, ದಡದಲ್ಲಿ ಹತ್ತಾರು ಮಂದಿ ಎರಡೂ ಕಡೆಯ ಹಗ್ಗ ಹಿಡಿದು ಎಳೆಯಬೇಕು. ಆ ಬಲೆ ಮುಗಿಯುತ್ತಿದ್ದದ್ದು ಊರಿನ ಮರಳಿನ ಮೇಲೆ, ಊರಿನ ಕಣ್ಣೆದುರು. ಅಲ್ಲಿ ಹುಡುಗರಿಗೆ ಕೆಲಸವಿತ್ತು, ಮುದುಕರಿಗೆ ಮಾತಿತ್ತು, ಹೆಂಗಸರಿಗೆ ವ್ಯಾಪಾರವಿತ್ತು. ಪರ್ಸೀನ್ ಮೀನನ್ನು ಕಡಲಲ್ಲೇ ಸುತ್ತುಗಟ್ಟಿ ನೇರ ಬಂದರಿಗೆ ತಂದಿತು, ದಡಕ್ಕೆ ಕೆಲಸವಿಲ್ಲದಂತಾಯಿತು. ಈಗ ಉಳಿದಿರುವ ಕೈರಂಪಣಿಗಾದರೂ ಎಳೆಯಲು ಮರಳು ಬೇಕಲ್ಲ? ಕಡಲ್ಕೊರೆತ ತಡೆಯಲೆಂದು ಮಳೆಗಾಲ ಬಂತೆಂದರೆ ಲಾರಿಗಟ್ಟಲೆ ಬಂಡೆ ಸುರಿಯುತ್ತೇವೆ. ಅಲೆ ಆ ಗೋಡೆಗೆ ಬಡಿದು ಎದುರಿನ ಮರಳನ್ನು ಬಾಚಿಕೊಂಡು ಹೋಗುತ್ತದೆ, ಗೋಡೆ ಮುಗಿದ ಕಡೆ ಪಕ್ಕದ ಊರನ್ನು ಕೊರೆಯುತ್ತದೆ, ಮರುವರ್ಷ ಅಲ್ಲಿಗೂ ಬಂಡೆ. ಪಾಚಿ ಹಿಡಿದ ಆ ಬಂಡೆಗಳ ಸಂದಿನಲ್ಲಿ ಬಲೆ ಎಳೆಯಲಾಗದು, ದೋಣಿ ಏರಿಸಲಾಗದು, ಮಗುವನ್ನು ಕೂರಿಸಲಂತೂ ಆಗದು.

ಬಂಡೆ ಬೀಳದ ಕಡೆಗಳಲ್ಲಿ ಬೇರೆ ಅದೃಷ್ಟ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರು, ಸ್ವಚ್ಛತೆ, ಸುರಕ್ಷತೆ ಎಂದು 33 ಮಾನದಂಡ ದಾಟಿದ ಮೇಲೆ ಸಿಗುವ ಬಾವುಟ ಅದು, ಸಂತೋಷವೇ. ಅದೇ ಕಾಸರಕೋಡಿನ ಟೊಂಕದಲ್ಲಿ, ಶರಾವತಿ ಕಡಲು ಸೇರುವ ಕಡೆ, ಕಡಲಾಮೆ ಮೊಟ್ಟೆಯಿಡುವ ಮರಳಿನ ಮೇಲೆ, ಬಂದರು ಯೋಜನೆ ಬೇಡವೆಂದು ಮೀನುಗಾರ ಕುಟುಂಬಗಳು ವರ್ಷಗಟ್ಟಲೆ ಹೋರಾಡುತ್ತ ಬಂದಿವೆ. ಒಂದೇ ಊರು: ಒಂದು ತುದಿಯಲ್ಲಿ ಮರಳು ಎಷ್ಟು ಶುದ್ಧವೆಂದು ಅಳೆಯುತ್ತೇವೆ, ಇನ್ನೊಂದು ತುದಿಯಲ್ಲಿ ಅಲ್ಲಿ ಮೀನು ಒಣಗಿಸುವವರನ್ನು ಎಬ್ಬಿಸಲು ನೋಡುತ್ತೇವೆ. ಇದನ್ನು ಯಾವ ಪರಿಪ್ರೇಕ್ಷ್ಯದಲ್ಲಿ ಇಟ್ಟು ನೋಡಬೇಕು, ಯಾವ ಆಯಾಮದಲ್ಲಿ ವಿಶ್ಲೇಷಿಸಬೇಕು? ಹೊಟ್ಟೆಪಾಡಿನವರಿಗೂ ಜಾಗವಿಲ್ಲದ ದಡದಲ್ಲಿ ಬಕೆಟ್ ಹಿಡಿದ ಮಗುವಿಗೆ ಜಾಗ ಸಿಗುವುದಿಲ್ಲ. ಮೀನುಗಾರನ ಜಾಗ ಉಳಿದರೆ ಮಗುವಿನದೂ ಉಳಿಯುತ್ತದೆ. ಅವರಿಬ್ಬರನ್ನು ಎದುರಾಳಿಗಳನ್ನಾಗಿ ನಿಲ್ಲಿಸುವ ಆಕ್ಷೇಪ ನಿಲ್ಲದು.

ಪ್ರಬಂಧದ ಕೊನೆಗೆ ಶಿಫಾರಸು ಇರಬೇಕೆಂಬ ಪದ್ಧತಿಯಿದೆ. ಸಕೌತೀಮಕ್ಕೆ ಪ್ರಾಧಿಕಾರ ಬೇಡ, ಅಧ್ಯಯನ ಪೀಠ ಬೇಡ, ಸಹಾಯಧನವೂ ಬೇಡ. ಕರಾವಳಿಯ ನಕ್ಷೆಯ ಮೇಲೆ ಗೆರೆ ಎಳೆಯುವ ಮಹನೀಯರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪ್ರತಿ ಅಳಿವೆಯ ಪಕ್ಕದಲ್ಲಿ ಒಂದಷ್ಟು ಮರಳನ್ನು ಬಂಡೆ ಸುರಿಯದೆ, ಬೇಲಿ ಹಾಕದೆ, ಟಿಕೆಟ್ ಇಡದೆ ಹಾಗೇ ಬಿಡಿ. ಬಲೆ ಎಳೆಯುವವರು ಮೊದಲು ಎಳೆಯಲಿ, ಉಳಿದ ಹೊತ್ತಿನಲ್ಲಿ ಮಕ್ಕಳು ಗಾಳ ಹಾಕುತ್ತವೆ.